‘ಬೇರಾ’ ವರದಿಯ ಡೆಸಿಬೆಲ್ ನಂಬಬಹುದೇ? ಅಡಿಕೆ ತಕ್ಕಡಿಗೆ ಮುದ್ರೆ ಇದೆ, ಕಿವಿ ಪರೀಕ್ಷೆಯ ಯಂತ್ರಕ್ಕೆ?

ಕಿವಿಯ ಬಗ್ಗೆ ಮೂರು ಬಗೆಯ ಫಾರ್ವರ್ಡ್‌ಗಳು ವಾಟ್ಸಾಪ್ ಗುಂಪುಗಳಲ್ಲಿ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತವೆ. ಈ ವಿಡಿಯೋದ ಶಬ್ದ ಕೇಳಿಸಿದರೆ ನಿಮ್ಮ ಕಿವಿಗೆ ಇಪ್ಪತ್ತು ವರ್ಷ, ಕೇಳಿಸದಿದ್ದರೆ ಐವತ್ತು ಎನ್ನುವುದು ಒಂದು. ಮಗುವಿನ ಹಿಂದೆ ನಿಂತು ಚಪ್ಪಾಳೆ ತಟ್ಟಿ, ತಿರುಗಿ ನೋಡಿದರೆ ಕಿವಿ ಸರಿ ಇದೆ, ಆಸ್ಪತ್ರೆಗೆ ಹೋಗುವುದೇ ಬೇಡ ಎನ್ನುವುದು ಇನ್ನೊಂದು. ‘ಬೇರಾ’ ಪರೀಕ್ಷೆಯಲ್ಲಿ ಮಗುವಿನ ತಲೆಗೆ ಕರೆಂಟ್ ಹಾಯಿಸುತ್ತಾರೆ ಎನ್ನುವುದು ಮೂರನೆಯದು.

ಮೂರೂ ತಪ್ಪು. ಕರೆಂಟಿನ ಮಾತಿಗೆ ಉತ್ತರ ಸುಲಭ, ಮುಂದೆ ಹೇಳುತ್ತೇವೆ. ಮೊದಲ ಎರಡರಲ್ಲಿ ಇರುವ ತಪ್ಪು ಒಂದೇ: ಕಿವಿಗೆ ತಲುಪಿದ ಶಬ್ದ ಎಷ್ಟು ದೊಡ್ಡದಿತ್ತು ಎಂಬುದು ಯಾರಿಗೂ ಗೊತ್ತಿಲ್ಲ. ನಿಮ್ಮ ಫೋನಿನ ಸ್ಪೀಕರ್ ಬೇರೆ, ಪಕ್ಕದ ಮನೆಯವರದ್ದು ಬೇರೆ, ವಾಲ್ಯೂಮ್ ಬೇರೆ. ವಿಡಿಯೋ ಒಬ್ಬರಿಂದ ಒಬ್ಬರಿಗೆ ದಾಟುವಾಗ ಕುಗ್ಗಿ ಕುಗ್ಗಿ ಅದರ ತೀರಾ ಕೀಚಲು ಭಾಗ ಕತ್ತರಿಸಿ ಹೋಗಿರಲೂಬಹುದು. ಅಂದರೆ ಕೇಳಿಸದಿದ್ದದ್ದು ನಿಮ್ಮ ಕಿವಿಗೋ, ಅಥವಾ ಶಬ್ದವೇ ಬರಲಿಲ್ಲವೋ ಎಂದು ಹೇಳುವಂತಿಲ್ಲ. ಚಪ್ಪಾಳೆಯೂ ಹಾಗೆಯೇ. ಹತ್ತಿರದಿಂದ ಗಟ್ಟಿಯಾಗಿ ತಟ್ಟಿದ ಚಪ್ಪಾಳೆ ಬಹಳ ದೊಡ್ಡ ಶಬ್ದ. ಮಧ್ಯಮ ಪ್ರಮಾಣದ ಕಿವುಡು ಇರುವ ಮಗುವೂ ಅದಕ್ಕೆ ತಿರುಗುತ್ತದೆ, ಒಂದೇ ಕಿವಿ ಕೇಳುವ ಮಗುವೂ ತಿರುಗುತ್ತದೆ. ಆದರೆ ಅಜ್ಜಿ ಒಳಗಿನ ಕೋಣೆಯಿಂದ ಮೆಲ್ಲಗೆ ಕರೆದದ್ದು ಆ ಮಗುವಿಗೆ ಕೇಳುವುದಿಲ್ಲ. ಮಾತು ಕಲಿಯುವುದು ಚಪ್ಪಾಳೆಯಿಂದಲ್ಲ, ಆ ಮೆಲ್ಲಗಿನ ಮಾತಿನಿಂದ.

ಹಾಗಾದರೆ ಆಸ್ಪತ್ರೆಯ ಯಂತ್ರಕ್ಕೆ ತಾನು ಹೊರಡಿಸಿದ ಶಬ್ದ ಎಷ್ಟು ದೊಡ್ಡದು ಎಂದು ಗೊತ್ತಿರುತ್ತದೆಯೇ? ಯಾರಾದರೂ ಅದಕ್ಕೆ ಹೇಳಿಕೊಟ್ಟಿದ್ದರೆ ಮಾತ್ರ. ಹೀಗೆ ಹೇಳಿಕೊಡುವ ಕೆಲಸಕ್ಕೆ ‘ಕ್ಯಾಲಿಬ್ರೇಶನ್’ ಎನ್ನುತ್ತಾರೆ. ಪುತ್ತೂರಿನ ಅಡಿಕೆ ಬೆಳೆಗಾರರಿಗೆ ಇದು ಹೊಸ ವಿಷಯವಲ್ಲ. ಅಂಗಡಿಯ ಇಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ ಮುದ್ರೆ ಹಾಕಬೇಕು. ಮುದ್ರೆ ಇಲ್ಲದ ತಕ್ಕಡಿಯಲ್ಲಿ ತೂಗಿಸಲು ಯಾರೂ ಮನಸ್ಸು ಮಾಡುವುದಿಲ್ಲ. ಒಂದು ಚೀಲ ಅಡಿಕೆಗೆ ಇಷ್ಟು ಎಚ್ಚರ ವಹಿಸುವ ನಾವು, ಮಗುವಿನ ಕಿವಿ ಅಳೆಯುವ ಯಂತ್ರದ ಬಗ್ಗೆ ಮಾತ್ರ ಏನೂ ಕೇಳುವುದಿಲ್ಲ.

ಈ ಪರೀಕ್ಷೆ ಯಾರಿಗೆ, ಎಲ್ಲಿ?

ಜಗತ್ತಿನಾದ್ಯಂತದ ಅಂದಾಜಿನಂತೆ, ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ಹುಟ್ಟಿನಿಂದಲೇ ಗಣನೀಯ ಶ್ರವಣದೋಷ ಇರುತ್ತದೆ. ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಎನ್ನುವುದು ತಜ್ಞರು ಒಪ್ಪಿಕೊಂಡಿರುವ ಲೆಕ್ಕ. ಕೇಂದ್ರ ಸರಕಾರದ ಕಿವುಡುತನ ತಡೆ ಮತ್ತು ನಿಯಂತ್ರಣ ರಾಷ್ಟ್ರೀಯ ಕಾರ್ಯಕ್ರಮ 2007ರಲ್ಲಿ ಆಯ್ದ ಜಿಲ್ಲೆಗಳಲ್ಲಿ ಶುರುವಾಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಹುಟ್ಟು ಕಿವುಡುತನ ಇದೆ.

ಪುತ್ತೂರು, ಸುಳ್ಯ, ಅವೆರಡರ ಗ್ರಾಮಗಳನ್ನು ಸೇರಿಸಿಕೊಂಡು ಹೊಸ ತಾಲೂಕಾದ ಕಡಬ, ಈ ಮೂರು ಕಡೆಯ ಮನೆಗಳಲ್ಲಿ ದಾರಿ ಹೆಚ್ಚಾಗಿ ಹೀಗಿರುತ್ತದೆ. ಮಗುವಿಗೆ ಒಂದೂವರೆ ವರ್ಷವಾದರೂ ಮಾತು ಬರಲಿಲ್ಲ. ಮನೆಯಲ್ಲಿ ಯಾರೋ ಒಬ್ಬರು, “ಇವನ ಅಪ್ಪನೂ ಮಾತು ಬಂದದ್ದು ತಡವಾಗಿಯೇ” ಎಂದು ಸಮಾಧಾನ ಹೇಳುತ್ತಾರೆ. ಇನ್ನಾರು ತಿಂಗಳು ಹೋಗುತ್ತದೆ. ಆಮೇಲೆ ಊರಿನ ಡಾಕ್ಟರು ಚೀಟಿ ಬರೆಯುತ್ತಾರೆ: ಬೇರಾ ಮಾಡಿಸಿ. ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಇದೆ. ಮಂಗಳೂರು ಕಡೆ ಫಾದರ್ ಮುಲ್ಲರ್, ಡಾ. ಎಂ.ವಿ. ಶೆಟ್ಟಿ, ನಿಟ್ಟೆ ಸಂಸ್ಥೆಗಳ ವಾಕ್–ಶ್ರವಣ ಕಾಲೇಜುಗಳಿವೆ. ಇನ್ನೂ ಸಂಶಯ ಉಳಿದವರು ಘಟ್ಟ ಹತ್ತಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ, ಅಂದರೆ ಎಲ್ಲರ ಬಾಯಲ್ಲಿ ‘ಆಯಿಷ್’ ಆಗಿರುವ ಸಂಸ್ಥೆಗೆ, ಹೋಗುತ್ತಾರೆ.

ಈ ಪರೀಕ್ಷೆಯ ದೊಡ್ಡ ಗುಣವೆಂದರೆ ಮಗು ಏನೂ ಹೇಳಬೇಕಾಗಿಲ್ಲ, ಕೈ ಎತ್ತಬೇಕಾಗಿಲ್ಲ. ಭಾಷೆಯೂ ಬೇಡ. ಮನೆಯಲ್ಲಿ ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಮಲಯಾಳ ಹೀಗೆ ಒಂದೊಂದು ಮಾತು ಇರುವ ಈ ಸೀಮೆಯಲ್ಲಿ ಇದು ಸಣ್ಣ ಅನುಕೂಲವಲ್ಲ. ಕೊಯಿಲ, ಕೊಕ್ಕಡದಂಥ ಕಡೆ ಎಂಡೋಸಲ್ಫಾನ್ ಸಂತ್ರಸ್ತರಿಗಾಗಿ ಪಾಲನಾ ಕೇಂದ್ರಗಳಿವೆ. ಅಲ್ಲಿ ಕಾಣುವಂತೆ ಹಲವು ಅಂಗವೈಕಲ್ಯಗಳು ಒಟ್ಟಿಗೆ ಇರುವವರಲ್ಲಿ, ಕೇಳಿಸಿದಾಗ ಗುಂಡಿ ಒತ್ತಿ ಎನ್ನುವ ಪರೀಕ್ಷೆ ನಡೆಯುವುದೇ ಇಲ್ಲ. ಅಂಥವರಲ್ಲಿ ಕಿವಿಯ ಸ್ಥಿತಿ ತಿಳಿಯಲು ಇರುವ ಮುಖ್ಯ ದಾರಿ ಇದು.

ಕರೆಂಟ್ ಕೊಡುವುದಿಲ್ಲ, ಕರೆಂಟ್ ಹುಡುಕುತ್ತಾರೆ

ಬೇರಾ ಎಂದರೆ ಶಬ್ದಕ್ಕೆ ಮಿದುಳಕಾಂಡ ಕೊಡುವ ವಿದ್ಯುತ್ ಉತ್ತರವನ್ನು ದಾಖಲಿಸುವ ಪರೀಕ್ಷೆ. ಎಬಿಆರ್ ಎಂದು ಬರೆದಿದ್ದರೂ ಅದೇ. ಕಿವಿಗೆ ‘ಟಿಕ್ ಟಿಕ್’ ಎಂಬ ಶಬ್ದ ಹಾಕುತ್ತಾರೆ. ಆ ಶಬ್ದ ನರದಲ್ಲಿ ಸಾಗುವಾಗ ಹುಟ್ಟುವ ಸಂಕೇತವನ್ನು ಹಣೆಗೆ ಮತ್ತು ಕಿವಿಯ ಹಿಂದೆ ಅಂಟಿಸಿದ ಎಲೆಕ್ಟ್ರೋಡುಗಳು ಹಿಡಿಯುತ್ತವೆ. ಇಸಿಜಿಯಲ್ಲಿ ಎದೆಗೆ ಅಂಟಿಸುವ ಹಾಗೆಯೇ. ಒಳಗೆ ಏನೂ ಹೋಗುವುದಿಲ್ಲ. ಮೂರನೆಯ ಫಾರ್ವರ್ಡಿನ ಕಥೆ ಇಲ್ಲಿಗೆ ಮುಗಿಯಿತು.

ಹೊರಗೆ ಬರುವ ಸಂಕೇತವೋ ತೀರಾ ಸಣ್ಣದು, ಒಂದು ಮೈಕ್ರೋವೋಲ್ಟಿಗಿಂತಲೂ ಕಡಿಮೆ. ಮಿದುಳಿನ ಉಳಿದ ಚಟುವಟಿಕೆ ಅದಕ್ಕಿಂತ ಹತ್ತಾರು ಪಟ್ಟು ದೊಡ್ಡದು. ಈ ಗದ್ದಲದಲ್ಲಿ ಅದನ್ನು ಹುಡುಕಲು ಒಂದೇ ಶಬ್ದವನ್ನು ಸಾವಿರ, ಎರಡು ಸಾವಿರ ಸಲ ಹಾಕಿ ಉತ್ತರಗಳ ಸರಾಸರಿ ತೆಗೆಯುತ್ತಾರೆ. ಗದ್ದಲ ಒಮ್ಮೆ ಮೇಲೆ ಒಮ್ಮೆ ಕೆಳಗೆ ಇರುವುದರಿಂದ ಅದು ಅಳಿಯುತ್ತದೆ, ಶಬ್ದಕ್ಕೆ ಬಂದ ಉತ್ತರ ಉಳಿಯುತ್ತದೆ. ಎರಡು ಸಾವಿರ ಸಲ ಹಾಕಿದರೆ ಗದ್ದಲ ಸುಮಾರು 45ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಶಬ್ದ ಸೆಕೆಂಡಿಗೆ 21.1 ಅಥವಾ 27.7 ಸಲ ಎಂಬ ವಿಚಿತ್ರ ವೇಗದಲ್ಲಿ ಬರುವುದನ್ನು ವರದಿಯಲ್ಲಿ ನೋಡಿರಬಹುದು. ಸರಿಯಾಗಿ 25 ಸಲ ಹಾಕಿದರೆ, ಗೋಡೆಯ ಪ್ಲಗ್ಗಿನಲ್ಲಿ ಸೆಕೆಂಡಿಗೆ 50 ಸಲ ಕಂಪಿಸುವ ನಮ್ಮ ಮೆಸ್ಕಾಂ ವಿದ್ಯುತ್ತು ತಾಳಕ್ಕೆ ಸರಿಯಾಗಿ ಸೇರಿಕೊಂಡು ಅದೇ ‘ಉತ್ತರ’ದಂತೆ ಕಾಣಬಹುದು. ತಾಳ ತಪ್ಪಿಸಲೆಂದೇ ಈ ದಶಮಾಂಶ.

ಡಾನ್ ಜೂವೆಟ್ ಮತ್ತು ಜಾನ್ ವಿಲಿಸ್ಟನ್ ಎಂಬ ಅಮೆರಿಕದ ವಿಜ್ಞಾನಿಗಳು 1971ರಲ್ಲಿ ಈ ಅಲೆಗಳನ್ನು ವಿವರವಾಗಿ ದಾಖಲಿಸಿದರು. ಅಲೆಗಳಿಗೆ ಒಂದರಿಂದ ಏಳರವರೆಗೆ ರೋಮನ್ ಅಂಕಿಯ ಹೆಸರಿದೆ. ಪರೀಕ್ಷಕರು ಹೆಚ್ಚಾಗಿ ಹುಡುಕುವುದು ಐದನೆಯದನ್ನು. ಶಬ್ದ ಮೆಲ್ಲಗಾಗುತ್ತ ಹೋದಂತೆ ಕೊನೆಯವರೆಗೂ ಉಳಿಯುವುದು ಅದೇ. ಯಾವ ಡೆಸಿಬೆಲ್‌ವರೆಗೆ ಐದನೆಯ ಅಲೆ ಕಂಡಿತು ಎಂಬ ಅಂಕಿಯೇ ವರದಿಯ ತಿರುಳು.

ಇಲ್ಲೇ ನಮ್ಮ ವಿಷಯ ಶುರುವಾಗುವುದು.

ಯಾವ ಡೆಸಿಬೆಲ್?

ಡೆಸಿಬೆಲ್ ಎನ್ನುವುದು ಕಿಲೋ, ಮೀಟರುಗಳಂಥ ಅಳತೆಯಲ್ಲ. ಇದು ಒಂದಕ್ಕೆ ಹೋಲಿಸಿದರೆ ಇನ್ನೊಂದು ಎಷ್ಟು ಪಟ್ಟು ಎಂದು ಹೇಳುವ ಲೆಕ್ಕ. 20 ಡೆಸಿಬೆಲ್ ಹೆಚ್ಚು ಎಂದರೆ ಗಾಳಿಯ ಒತ್ತಡದ ಏರಿಳಿತ ಹತ್ತು ಪಟ್ಟು. ಯಾವುದಕ್ಕೆ ಹೋಲಿಸಿದ್ದು ಎಂದು ಹೇಳದೆ ಬರಿ ‘60 ಡೆಸಿಬೆಲ್’ ಎಂದರೆ, ‘ನಮ್ಮ ಮನೆ ಎತ್ತರದಲ್ಲಿದೆ’ ಎಂದ ಹಾಗೆ. ಯಾವುದರಿಂದ ಎತ್ತರ? ಪಕ್ಕದ ಗದ್ದೆಯಿಂದಲೋ, ಸಮುದ್ರದಿಂದಲೋ?

ಭೌತಶಾಸ್ತ್ರದವರ ಸೊನ್ನೆ 20 ಮೈಕ್ರೋಪಾಸ್ಕಲ್ ಒತ್ತಡ. ಇದರಿಂದ ಎಣಿಸಿದ್ದಕ್ಕೆ ‘ಎಸ್‌ಪಿಎಲ್’ ಎನ್ನುತ್ತಾರೆ. ಕಿವಿ ಪರೀಕ್ಷೆಯವರ ಸೊನ್ನೆ ಬೇರೆ. ಕಿವಿ ಸರಿಯಾಗಿರುವ ಹದಿಹರೆಯ ದಾಟಿದ ಯುವಕ ಯುವತಿಯರಿಗೆ ಸರಾಸರಿಯಾಗಿ ಕೇಳಿಸುವ ಅತಿ ಮೆಲ್ಲಗಿನ ಶಬ್ದವೇ ಅವರ ಸೊನ್ನೆ. ಮಾಮೂಲಿ ಬೀಪ್ ಪರೀಕ್ಷೆಯಲ್ಲಿ ಇದು ‘ಎಚ್‌ಎಲ್’. ಬೇರಾದ ಟಿಕ್ ಶಬ್ದಕ್ಕೆ ಹೀಗೆ ತೆಗೆದ ಸೊನ್ನೆಯಿಂದ ಎಣಿಸಿದ್ದು ‘ಎನ್‌ಎಚ್‌ಎಲ್’. ವರದಿಯಲ್ಲಿ ಅಂಕಿಯ ಪಕ್ಕ ಪುಟ್ಟದಾಗಿ ಇದು ಇರುತ್ತದೆ, ಅಥವಾ ಇರಬೇಕು.

ಬೇರಾಕ್ಕೆ ಬೇರೆ ಸೊನ್ನೆ ಯಾಕೆ? ಶಬ್ದ ತುಂಬ ಗಿಡ್ಡ. ಟಿಕ್ ಶಬ್ದಕ್ಕಾಗಿ ಇಯರ್‌ಫೋನಿಗೆ ಕೊಡುವ ವಿದ್ಯುತ್ ಮಿಡಿತ 100 ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗ. ನಮ್ಮ ಕಿವಿ ಶಬ್ದವನ್ನು ಸೆಕೆಂಡಿನ ಸುಮಾರು ಐದನೇ ಒಂದು ಭಾಗದವರೆಗೆ ಕೂಡಿಸಿಕೊಂಡು ಕೇಳುತ್ತದೆ. ತೊಟ್ಟಿಯಲ್ಲಿ ನೀರು ತುಂಬಲು ನಲ್ಲಿಯನ್ನು ಒಂದು ಕ್ಷಣ ಮಾತ್ರ ತಿರುಗಿಸುವುದಾದರೆ ಜೋರಾಗಿ ತಿರುಗಿಸಬೇಕು. ಹಾಗೆ ಗಿಡ್ಡ ಶಬ್ದ ಕೇಳಿಸಬೇಕಾದರೆ ಅದು ಉದ್ದದ ಬೀಪ್‌ಗಿಂತ ಹೆಚ್ಚು ಜೋರಾಗಿರಬೇಕು.

ಅದೇ ಕಾರಣಕ್ಕೆ ಅಳೆಯುವುದೂ ಕಷ್ಟ. ಪುತ್ತೂರು ಮಹಾಲಿಂಗೇಶ್ವರ ಜಾತ್ರೆಯ ಬೆಡಿಯ ಹತ್ತಿರ ಶಬ್ದ ಅಳೆಯುವ ಮೀಟರ್ ಹಿಡಿದರೆ, ಅದು ತೋರಿಸುವ ಅಂಕಿ ಒಂದೊಂದು ಸಿಡಿತದ ತುದಿಗಿಂತ ಕಡಿಮೆಯೇ ಇರುತ್ತದೆ. ಮೀಟರಿನ ‘ಫಾಸ್ಟ್’ ಎಂಬ ಸೆಟ್ಟಿಂಗೂ ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಹೊತ್ತಿನ ಸರಾಸರಿ ತೆಗೆಯುತ್ತದೆ. ಬೇರಾದ ಮಿಡಿತಕ್ಕಿಂತ ಅದು 1,250 ಪಟ್ಟು ಉದ್ದ. ಟಿಕ್ ಬಂದು ಹೋದದ್ದು ಮೀಟರಿಗೆ ಗೊತ್ತೇ ಆಗುವುದಿಲ್ಲ ಎನ್ನಬಹುದು.

ಇದಕ್ಕೆ ತಂತ್ರಜ್ಞರು ಕಂಡುಕೊಂಡ ಉಪಾಯ ಸೊಗಸಾಗಿದೆ. ಓಡಾಡುವ ಮಗು ಅಳತೆಪಟ್ಟಿಗೆ ನಿಲ್ಲದಿದ್ದರೆ ಏನು ಮಾಡುತ್ತೇವೆ? ಗೋಡೆಯ ಪಕ್ಕ ಹಾದುಹೋಗುವಾಗ ತಲೆಯ ಮಟ್ಟಕ್ಕೆ ಒಂದು ಗೆರೆ ಎಳೆದು, ಮಗು ಓಡಿದ ಮೇಲೆ ಗೆರೆಯ ಎತ್ತರ ಅಳೆಯುತ್ತೇವೆ. ಇಲ್ಲೂ ಹಾಗೆಯೇ. ಇಯರ್‌ಫೋನನ್ನು ಕಿವಿಯ ಗಾತ್ರದ ಲೋಹದ ಗೂಡಿಗೆ ಜೋಡಿಸುತ್ತಾರೆ, ಇದಕ್ಕೆ ಕಪ್ಲರ್ ಎಂದು ಹೆಸರು. ಒಳಗಿನ ಮೈಕ್ರೊಫೋನ್ ಹಿಡಿದ ಟಿಕ್ ಅಲೆಯನ್ನು ಆಸಿಲೋಸ್ಕೋಪಿನ ಪರದೆಯಲ್ಲಿ ನೋಡಿ, ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗಿನ ಎತ್ತರ ಗುರುತಿಸುತ್ತಾರೆ. ಆಮೇಲೆ ಟಿಕ್ ತೆಗೆದು ಒಂದು ಉದ್ದದ 1,000 ಹರ್ಟ್ಸ್ ಸ್ವರ ಹಾಕಿ, ಅದರ ಎತ್ತರವೂ ಅಷ್ಟೇ ಆಗುವವರೆಗೆ ಹೊಂದಿಸುತ್ತಾರೆ. ಉದ್ದದ ಸ್ವರವನ್ನು ಮೀಟರ್ ಸಲೀಸಾಗಿ ಓದುತ್ತದೆ. ಆ ಅಂಕಿಯೇ ಟಿಕ್ ಶಬ್ದದ ಅಳತೆ. ಇದನ್ನು ಪೀಕ್-ಸಮಾನ ಎಸ್‌ಪಿಎಲ್ ಎನ್ನುತ್ತಾರೆ.

ಇನ್ನು ಉಳಿದದ್ದು ಈ ಅಳತೆಯಲ್ಲಿ ಮನುಷ್ಯರ ಸೊನ್ನೆ ಎಲ್ಲಿ ಬೀಳುತ್ತದೆ ಎಂಬುದು. ಹಿಂದೆ ಪ್ರತಿ ಆಸ್ಪತ್ರೆಯೂ ತನ್ನಲ್ಲಿ ಕಿವಿ ಚೆನ್ನಾಗಿರುವ ಹತ್ತಾರು ಯುವಕರನ್ನು ಕೂರಿಸಿ ತನ್ನ ಸೊನ್ನೆಯನ್ನು ತಾನೇ ಮಾಡಿಕೊಳ್ಳುತ್ತಿತ್ತು. ಒಂದು ಊರಿನ ಸೇರು ಇನ್ನೊಂದು ಊರಿನ ಸೇರಿಗೆ ಸಮವಾಗದ ಕಾಲವಿತ್ತಲ್ಲ, ಹಾಗೆ. 2007ರಲ್ಲಿ ಐಎಸ್‌ಒ 389-6 ಎಂಬ ಅಂತರರಾಷ್ಟ್ರೀಯ ಮಾನದಂಡ ಗಿಡ್ಡ ಶಬ್ದಗಳಿಗೆ ಸಾಮಾನ್ಯ ಸೊನ್ನೆಗಳನ್ನು ನಿಗದಿ ಮಾಡಿತು. ಕಿವಿಯೊಳಗೆ ಸ್ಪಂಜಿನ ತುದಿ ತೂರಿಸುವ ಇನ್ಸರ್ಟ್ ಫೋನಿನಲ್ಲಿ ಟಿಕ್ ಶಬ್ದದ ಸೊನ್ನೆ ಪೀಕ್-ಸಮಾನ ಅಳತೆಯಲ್ಲಿ ಸುಮಾರು 35 ಡೆಸಿಬೆಲ್ ಹತ್ತಿರ ಬರುತ್ತದೆ. ಕಿವಿ ಮುಚ್ಚುವ ಹೆಡ್‌ಫೋನಿಗೆ ಅದು ಸ್ವಲ್ಪ ಕಡಿಮೆ.

ಇದರ ಪರಿಣಾಮ ನೋಡಿ. 30 ಎನ್‌ಎಚ್‌ಎಲ್ ಮತ್ತು 65 ಪೀಕ್-ಸಮಾನ ಎಸ್‌ಪಿಎಲ್ ಎರಡೂ ಒಂದೇ ಶಬ್ದ! ಯಂತ್ರಗಳಲ್ಲಿ ಯಾವ ಅಳತೆ ಬೇಕೆಂದು ಆರಿಸಿಕೊಳ್ಳುವ ಸೌಲಭ್ಯ ಇರುತ್ತದೆ. ಒಂದು ಕಡೆ 30 ಎಂದೂ ಇನ್ನೊಂದು ಕಡೆ 65 ಎಂದೂ ಬರೆದ ಎರಡು ವರದಿಗಳ ಫೋಟೋ ಕುಟುಂಬದ ಗುಂಪಿನಲ್ಲಿ ಓಡಾಡಿದರೆ, ಮಗುವಿನ ಕಿವಿ ಕೆಟ್ಟಿತು ಎಂದು ಎಲ್ಲರೂ ಗಾಬರಿಯಾಗುತ್ತಾರೆ. ಪಕ್ಕದ ಪುಟ್ಟ ಅಕ್ಷರ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಹತ್ತು ಡೆಸಿಬೆಲ್ ತಪ್ಪಿದರೆ ಏನಾಗುತ್ತದೆ?

ಒಂದು ಮಗುವಿಗೆ ನಿಜವಾಗಿ 55ರಲ್ಲಿ ಉತ್ತರ ಬರುತ್ತದೆ ಎಂದುಕೊಳ್ಳೋಣ. ಯಂತ್ರದ ಇಯರ್‌ಫೋನ್ ದುರ್ಬಲವಾಗಿ 10 ಡೆಸಿಬೆಲ್ ಕಡಿಮೆ ಶಬ್ದ ಕೊಡುತ್ತಿದೆ. ಪರದೆಗೆ ಇದು ಗೊತ್ತಿಲ್ಲ. ಅದು ತಾನು ಕಳಿಸಿದ ಆಜ್ಞೆಯನ್ನು ಮಾತ್ರ ತೋರಿಸುತ್ತದೆ. ಆಗ ಪರದೆಯಲ್ಲಿ 65 ಆಗುವವರೆಗೆ ಮಗುವಿನ ಉತ್ತರ ಕಾಣುವುದಿಲ್ಲ. ವರದಿಯಲ್ಲಿ 65. ಶ್ರವಣ ಸಾಧನವನ್ನು ಆ ಅಂಕಿಗೆ ಹೊಂದಿಸಿದರೆ ಬೇಕಾದ್ದಕ್ಕಿಂತ ಹೆಚ್ಚು ಶಬ್ದ ಕಿವಿಗೆ ಹೋಗುತ್ತದೆ. ಮಗು ಸಾಧನ ಕಿತ್ತೆಸೆಯುತ್ತದೆ, “ಹಠಮಾರಿ” ಎಂಬ ಹೆಸರು ಮಗುವಿಗೆ. ಅತಿಯಾದ ಶಬ್ದ ಉಳಿದಿರುವ ಶ್ರವಣಶಕ್ತಿಗೂ ಒಳ್ಳೆಯದಲ್ಲ.

ಉಲ್ಟಾ ತಪ್ಪು ಇನ್ನೂ ಕೆಟ್ಟದು ಎನ್ನುವುದು ನಮ್ಮ ಅಭಿಪ್ರಾಯ. ಯಂತ್ರ 10 ಡೆಸಿಬೆಲ್ ಹೆಚ್ಚು ಕೊಡುತ್ತಿದ್ದರೆ, ನಿಜಕ್ಕೂ 35ರ ದೋಷ ಇರುವ ಮಗು 25ರಲ್ಲಿ ಉತ್ತರ ಕೊಟ್ಟಂತೆ ಕಂಡು ‘ಸರಿ ಇದೆ’ ಎಂಬ ಕಾಗದದೊಂದಿಗೆ ಮನೆಗೆ ಬರುತ್ತದೆ. ಕಾಗದ ಕೈಯಲ್ಲಿರುವಾಗ ಮತ್ತೆ ಪರೀಕ್ಷೆ ಮಾಡಿಸುವ ತಾಯಿ ತಂದೆ ಎಷ್ಟು ಜನ?

ಕಾನೂನಿನಲ್ಲೂ ಗೆರೆಗಳಿವೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಆವರ್ತನಗಳಲ್ಲಿ 70 ಡೆಸಿಬೆಲ್ ಶ್ರವಣನಷ್ಟ ಇದ್ದರೆ ‘ಕಿವುಡು’. 60ರಿಂದ 70ರ ನಡುವೆ ಇದ್ದರೆ ‘ಮಂದ ಶ್ರವಣ’. ಪ್ರಮಾಣಪತ್ರಕ್ಕೆ ಮುಖ್ಯ ಆಧಾರ ಗುಂಡಿ ಒತ್ತುವ ಬೀಪ್ ಪರೀಕ್ಷೆಯೇ ಆದರೂ, ಚಿಕ್ಕ ಮಕ್ಕಳಲ್ಲಿ ಮತ್ತು ಉತ್ತರಗಳು ನಂಬುವಂತಿಲ್ಲದಾಗ ಬೇರಾವನ್ನೂ ನೋಡುತ್ತಾರೆ. ಎರಡು ಯಂತ್ರಗಳೂ ಸರಿಯಾಗಿ ಹೊಂದಿಕೆಯಾಗಿರಬೇಕು. ಗೆರೆಯ ಆಚೆ ಈಚೆ ಆಗಲು ಹತ್ತು ಡೆಸಿಬೆಲ್ ಧಾರಾಳ ಸಾಕು. ಪಿಂಚಣಿ, ಬಸ್ ಪಾಸ್, ಶಾಲೆಯ ಸೌಲಭ್ಯ ಎಲ್ಲ ಆ ಗೆರೆಯ ಮೇಲೆ ನಿಂತಿವೆ.

ಹೊಂದಿಕೆ ತಪ್ಪುವುದು ಹೇಗೆ?

ಹೆಚ್ಚಿನ ಸಲ ಮಾಮೂಲಿ ಕಾರಣಗಳಿಂದ. ಹೆಡ್‌ಫೋನ್ ಮೇಜಿನಿಂದ ಬಿತ್ತು. ವಯರು ಒಳಗೆ ಸವೆಯಿತು. ಒಂದು ಯಂತ್ರದ ಇಯರ್‌ಫೋನ್ ಕೆಟ್ಟಾಗ ಇನ್ನೊಂದರದ್ದನ್ನು ತಂದು ಸಿಕ್ಕಿಸಿದರು. ಇದು ಬಲ್ಬ್ ಬದಲಾಯಿಸಿದಷ್ಟು ಸರಳವಲ್ಲ. ಯಂತ್ರ ಹೊಂದಿಕೆಯಾಗಿರುವುದು ಆ ಒಂದು ಇಯರ್‌ಫೋನ್ ಜೊತೆಗೆ. ಇನ್ಸರ್ಟ್ ಫೋನಿನಲ್ಲಿ ಶಬ್ದ ಒಂದು ಉದ್ದದ ಕೊಳವೆಯಲ್ಲಿ ಸಾಗಿ ಕಿವಿಗೆ ಬರುತ್ತದೆ, ಇದಕ್ಕೆ ಸುಮಾರು 0.9 ಮಿಲಿಸೆಕೆಂಡ್ ಬೇಕು. ಜೋರು ಶಬ್ದಕ್ಕೆ ಐದನೆಯ ಅಲೆ ಬರುವುದೇ 6 ಮಿಲಿಸೆಕೆಂಡಿನ ಒಳಗೆ. ಹಾಗಿರುವಾಗ ಕೊಳವೆ ಹರಿಯಿತೆಂದು ಕತ್ತರಿಸಿ ಗಿಡ್ಡ ಮಾಡಿದರೆ ಶಬ್ದದ ಅಳತೆಯೂ ಬದಲು, ಅಲೆ ಬರುವ ಸಮಯವೂ ಬದಲು. ಕೊಳವೆಯ ತುದಿಯಲ್ಲಿ ಕುಗ್ಗೆ ಕಟ್ಟಿಕೊಂಡರೆ ಶಬ್ದ ಅಲ್ಲೇ ನಿಂತಿತು.

ನಮ್ಮ ಊರಿನ ಮಳೆಗಾಲವನ್ನು ಇದಕ್ಕೆ ಸೇರಿಸಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ತೇವ. ಕೊಳವೆಯಲ್ಲಿ ನೀರ ಹನಿ ಕಟ್ಟಿಕೊಂಡರೂ ಸಾಕು. ಸಿಡಿಲು, ವೋಲ್ಟೇಜ್ ಏರಿಳಿತ, ಸರಿಯಿಲ್ಲದ ಅರ್ತಿಂಗ್ ಬೇರೆ. ಶಿಬಿರಕ್ಕೆಂದು ಯಂತ್ರವನ್ನು ಜೀಪಿನಲ್ಲಿ ಸುಬ್ರಹ್ಮಣ್ಯ ಕಡೆಯ ರಸ್ತೆಯಲ್ಲಿ ಕೊಂಡೊಯ್ದರೆ ಆ ಕುಲುಕಾಟವೂ ಲೆಕ್ಕಕ್ಕೆ ಬರುತ್ತದೆ. ತಗಡಿನ ಮಾಡಿನ ಹಾಲ್‌ನಲ್ಲಿ ಮಳೆ ಬೀಳುವಾಗ 30 ಡೆಸಿಬೆಲ್ ಶಬ್ದಕ್ಕೆ ಉತ್ತರ ಹುಡುಕುವುದು, ಚೆಂಡೆಯ ಮಧ್ಯೆ ಗುಟ್ಟು ಹೇಳಿದ ಹಾಗೆ. ಯಂತ್ರ ಎಷ್ಟು ಸರಿಯಾಗಿದ್ದರೂ ಕೋಣೆ ಸರಿ ಇಲ್ಲದಿದ್ದರೆ ಅಂಕಿ ತಪ್ಪುತ್ತದೆ.

ಪೂರ್ತಿ ಕ್ಯಾಲಿಬ್ರೇಶನ್ ವರ್ಷಕ್ಕೆ ಒಮ್ಮೆಯಾದರೂ ಆಗಬೇಕು, ಯಂತ್ರ ರಿಪೇರಿಯಾದಾಗ ಮತ್ತು ಇಯರ್‌ಫೋನ್ ಬದಲಾದಾಗಲೂ ಆಗಬೇಕು. ಯಂತ್ರದ ಕಂಪನಿಯವರು ಮಾಡುತ್ತಾರೆ. ಆಯಿಷ್‌ನ ಇಲೆಕ್ಟ್ರಾನಿಕ್ಸ್ ವಿಭಾಗದಂಥ ಕಡೆಯೂ ಶ್ರವಣ ಉಪಕರಣಗಳ ಕ್ಯಾಲಿಬ್ರೇಶನ್ ನಡೆಯುತ್ತದೆ. ಆದರೆ ದಿನನಿತ್ಯದ ಕಾವಲು ಇನ್ನೂ ಸರಳ. ಒಳ್ಳೆಯ ಆಡಿಯೋಲಜಿಸ್ಟ್ ಬೆಳಿಗ್ಗೆ ಮೊದಲು ಇಯರ್‌ಫೋನನ್ನು ತನ್ನ ಕಿವಿಗೇ ಹಾಕಿಕೊಂಡು ಕೇಳುತ್ತಾರೆ. ನಿನ್ನೆ ಕೇಳಿದ ಮೆಲ್ಲಗಿನ ಟಿಕ್ ಇಂದೂ ಕೇಳಿಸಬೇಕು, ಎಡ ಬಲ ಎರಡೂ ಸಮ ಇರಬೇಕು, ನಡುವೆ ಕರಕರ ಇರಬಾರದು. ಎರಡು ನಿಮಿಷದ ಕೆಲಸ. ಮಗುವಿಗಿಂತ ಮೊದಲು ಡಾಕ್ಟರೇ ಕಿವಿಗೆ ಹಾಕಿಕೊಂಡದ್ದು ಕಂಡರೆ ಸಂತೋಷಪಡಿ.

ಯಂತ್ರ ಪೂರ್ತಿ ಸರಿ ಇದ್ದರೂ ಉಳಿಯುವ ಒಂದು ವ್ಯತ್ಯಾಸ ಇದೆ. ಕಪ್ಲರ್ ಎಂಬ ಲೋಹದ ಗೂಡು ದೊಡ್ಡವರ ಕಿವಿಯ ಗಾತ್ರದ್ದು. ಎಳೆ ಮಗುವಿನ ಕಿವಿಯ ನಾಳ ತೀರಾ ಚಿಕ್ಕದು. ಅಷ್ಟೇ ಶಬ್ದ ಅಲ್ಲಿ ಹೆಚ್ಚು ಒತ್ತಡ ಹುಟ್ಟಿಸುತ್ತದೆ, ಕೆಲವು ಆವರ್ತನಗಳಲ್ಲಿ 10 ಡೆಸಿಬೆಲ್‌ಗೂ ಮೀರಿ. ಹಾಗೆಯೇ ಟಿಕ್ ಶಬ್ದದ ಅಂಕಿ ಮುಖ್ಯವಾಗಿ 2,000ದಿಂದ 4,000 ಹರ್ಟ್ಸ್ ಆಸುಪಾಸಿನ ಶ್ರವಣದ ಕಥೆ ಹೇಳುತ್ತದೆ. ದಪ್ಪ ಸ್ವರಗಳು ಕೇಳಿಸುತ್ತವೆಯೇ ಎಂದು ತಿಳಿಯಲು 500, 1,000 ಹರ್ಟ್ಸ್‌ನ ಗಿಡ್ಡ ಸ್ವರಗಳನ್ನು ಬೇರೆಯಾಗಿ ಹಾಕಬೇಕು. ಅವುಗಳ ಅಂಕಿಯಿಂದ ನಿಗದಿತ ಮೊತ್ತ ಕಳೆದು ಅಂದಾಜು ಶ್ರವಣಮಟ್ಟ ತೆಗೆಯುತ್ತಾರೆ. ಹೀಗಾಗಿ ಬೇರಾದಲ್ಲಿ ಬಂದ ಅಂಕಿಯನ್ನು ಹಾಗೆ ಹಾಗೆಯೇ ಶ್ರವಣ ಸಾಧನಕ್ಕೆ ತುಂಬುವಂತಿಲ್ಲ.

‘ನೋ ರೆಸ್ಪಾನ್ಸ್’ ಎಂದು ಬರೆದಿದ್ದರೆ?

90 ಡೆಸಿಬೆಲ್‌ನಲ್ಲಿ ಉತ್ತರ ಇಲ್ಲ ಎಂದಿದ್ದರೆ ಅರ್ಥ ಅಷ್ಟೇ: ಆ ಯಂತ್ರ, ಆ ಶಬ್ದ, ಆ ಮಟ್ಟದಲ್ಲಿ ಅಲೆ ಕಾಣಲಿಲ್ಲ. ಟಿಕ್‌ಗೆ ಉತ್ತರ ಕೊಡದ ಕಿವಿಯಲ್ಲಿ ದಪ್ಪ ಸ್ವರದ ಶ್ರವಣ ಉಳಿದಿರಬಹುದು. ನರ ಉತ್ತರಗಳನ್ನು ಒಂದೇ ಹೊತ್ತಿಗೆ ಕಳಿಸದ ‘ಆಡಿಟರಿ ನ್ಯೂರೋಪತಿ’ ಎಂಬ ಸ್ಥಿತಿಯಲ್ಲಿ ಶಬ್ದ ಸ್ವಲ್ಪ ಕೇಳಿಸಿದರೂ ಅಲೆ ಮೂಡುವುದಿಲ್ಲ. ಅದಕ್ಕಾಗಿಯೇ ಜೊತೆಗೆ ಓಎಇ ಮಾಡುತ್ತಾರೆ. ಒಳಗಿವಿಯೇ ಹೊರಡಿಸುವ ಮೆಲ್ಲಗಿನ ಪ್ರತಿಧ್ವನಿಯನ್ನು ಹಿಡಿಯುವ ಪರೀಕ್ಷೆ ಇದು; ಬ್ರಿಟನ್ನಿನ ಡೇವಿಡ್ ಕೆಂಪ್ 1978ರಲ್ಲಿ ವರದಿ ಮಾಡಿದ ವಿದ್ಯಮಾನ. ಓಎಇ ಇದ್ದು ಬೇರಾ ಇಲ್ಲದಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ. ಇನ್ನು ನವಜಾತ ಶಿಶುವಿನ ಓಎಇ ಕಾಗದದಲ್ಲಿ ‘ರೆಫರ್’ ಎಂದಿದ್ದರೆ ಅದು ಕಿವುಡು ಎಂಬ ತೀರ್ಪಲ್ಲ. ಹೆರಿಗೆಯ ನಂತರ ಕಿವಿಯಲ್ಲಿ ಉಳಿದ ದ್ರವದಿಂದಲೂ ಹಾಗಾಗುತ್ತದೆ. ಮತ್ತೆ ಪರೀಕ್ಷೆ ಮಾಡಿಸಿ ಎಂದು ಅರ್ಥ. ಮಾಡಿಸದೆ ಬಿಡುವಂತೆಯೂ ಇಲ್ಲ.

ಮೊಬೈಲ್ ಆಪ್ ಪೂರ್ತಿ ದಂಡವೇ?

ಅಲ್ಲ, ಆದರೆ ಯಾವ ಬಗೆಯದು ಎಂದು ನೋಡಬೇಕು. ನಿಮ್ಮ ಎಡ ಕಿವಿಗೆ 40 ಡೆಸಿಬೆಲ್ ನಷ್ಟ ಎಂದು ಅಂಕಿ ಕೊಡುವ ಆಪ್, ಯಾವ ಫೋನ್, ಯಾವ ಇಯರ್‌ಫೋನ್ ಎಂದು ತಿಳಿಯದೆ ಅದನ್ನು ಹೇಳುತ್ತಿದ್ದರೆ ಮುದ್ರೆ ಇಲ್ಲದ ತಕ್ಕಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಂದ ‘ಹಿಯರ್ ಡಬ್ಲ್ಯುಎಚ್‌ಒ’ ಆಪ್ ಬೇರೆ ಜಾಣತನ ಮಾಡುತ್ತದೆ. ಗದ್ದಲದ ನಡುವೆ ಅಂಕಿಗಳನ್ನು ಹೇಳಿ, ಕೇಳಿಸಿದ್ದನ್ನು ಒತ್ತಲು ಹೇಳುತ್ತದೆ. ಗದ್ದಲಕ್ಕಿಂತ ಮಾತು ಎಷ್ಟು ಜೋರಿದೆ ಎಂಬ ವ್ಯತ್ಯಾಸ ಮಾತ್ರ ಅದಕ್ಕೆ ಮುಖ್ಯ. ವಾಲ್ಯೂಮ್ ಹೆಚ್ಚಿಸಿದರೆ ಎರಡೂ ಒಟ್ಟಿಗೆ ಏರುತ್ತವೆ, ವ್ಯತ್ಯಾಸ ಹಾಗೆಯೇ ಇರುತ್ತದೆ. ಡಾಕ್ಟರ ಬಳಿ ಹೋಗಬೇಕೇ ಎಂದು ದೊಡ್ಡವರು ತಿಳಿಯಲು ಅದು ಸಾಕು. ಮಕ್ಕಳಿಗೆ, ಪ್ರಮಾಣಪತ್ರಕ್ಕೆ ಅಲ್ಲ.

ಬೇರಾಕ್ಕೆ ಹೋಗುವವರಿಗೆ

ಯಂತ್ರ ಕೊನೆಯ ಸಲ ಯಾವಾಗ ಕ್ಯಾಲಿಬ್ರೇಶನ್ ಆಯಿತು ಎಂದು ಕೇಳಲು ಸಂಕೋಚ ಬೇಡ. “ಮೇಡಂ, ಮೆಷಿನ್ ಚೆಕ್ ಆದದ್ದು ಯಾವಾಗ?” ಎಂದರೆ ಸಾಕು, ಯಂತ್ರದ ಮೇಲೆ ಸಾಮಾನ್ಯವಾಗಿ ದಿನಾಂಕದ ಸ್ಟಿಕ್ಕರ್ ಅಂಟಿಸಿರುತ್ತಾರೆ. ವರದಿ ಕೈಗೆ ಬಂದಾಗ ಅಂಕಿಯ ಪಕ್ಕ ಎನ್‌ಎಚ್‌ಎಲ್ ಇದೆಯೇ, ಟಿಕ್ ಶಬ್ದದ ಪರೀಕ್ಷೆಯೋ ಸ್ವರದ್ದೋ, ಇನ್ಸರ್ಟ್ ಫೋನೋ ಹೆಡ್‌ಫೋನೋ, ಎರಡು ಕಿವಿಗೂ ಬೇರೆ ಬೇರೆ ಬರೆದಿದ್ದಾರೆಯೇ ನೋಡಿ. ಅಲೆಗಳ ಗೀಟು ಇರುವ ಪುಟವನ್ನೂ ಕೇಳಿ ತೆಗೆದುಕೊಳ್ಳಿ. ಮೈಸೂರಿಗೋ ಮಂಗಳೂರಿಗೋ ಎರಡನೇ ಅಭಿಪ್ರಾಯಕ್ಕೆ ಹೋದಾಗ ಬರಿ ಅಂಕಿಗಿಂತ ಅದು ಹೆಚ್ಚು ಉಪಯೋಗ. ಎರಡು ಕಡೆಯ ಅಂಕಿ ಬೇರೆ ಬಂದರೆ ಗುಂಪಿಗೆ ಹಾಕುವ ಮೊದಲು ಎರಡೂ ಕಾಗದವನ್ನು ಆಡಿಯೋಲಜಿಸ್ಟ್ ಮುಂದೆ ಇಡಿ.

ಇನ್ನೊಂದು, ಇದು ಯಂತ್ರಕ್ಕೆ ಸಂಬಂಧಿಸಿದ್ದಲ್ಲ. ಮಗು ಅಲುಗಾಡಿದರೆ ಸ್ನಾಯುಗಳ ವಿದ್ಯುತ್ತು ಸಣ್ಣ ಅಲೆಯನ್ನು ಮುಳುಗಿಸುತ್ತದೆ, ಆದ್ದರಿಂದ ಪರೀಕ್ಷೆಯ ಹೊತ್ತಿಗೆ ನಿದ್ದೆ ಬೇಕು. ಪುತ್ತೂರಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಸುಳ್ಯ ಕಡಬದಿಂದ ಇನ್ನೂ ದೂರ. ಬಸ್ಸಿನ ತೂಗಾಟಕ್ಕೆ ಮಗು ದಾರಿಯುದ್ದಕ್ಕೂ ಮಲಗಿ, ಆಸ್ಪತ್ರೆ ಮುಟ್ಟಿದ ಕೂಡಲೇ ಎದ್ದು ಆಡಲು ಶುರು ಮಾಡುತ್ತದೆ. ಬಸ್ಸಿನಲ್ಲಿ ಆಡಿಸುತ್ತ ಎಚ್ಚರವಾಗಿಯೇ ಕರೆದೊಯ್ಯಿರಿ, ಹಾಲು ಕೊಡುವುದನ್ನು ಪರೀಕ್ಷೆಯ ಕೋಣೆಯವರೆಗೆ ಸ್ವಲ್ಪ ತಡೆಯಿರಿ. ಮಲಗಿಸುವ ಸಿರಪ್ ಬೇಕಾದರೆ ಅದನ್ನು ಅಲ್ಲಿನ ಡಾಕ್ಟರು ಮಗುವಿನ ತೂಕ ನೋಡಿ ಕೊಡುತ್ತಾರೆ, ಮನೆಯಲ್ಲಿ ಕೊಟ್ಟು ಹೊರಡಬೇಡಿ.